ಹಸಿರು ದೀಪಕ್ಕೆ ಉತ್ತರ

ಶೋರೂಮಿನ ಮೇಡಂ ಪಾರ್ಟಿ ಕೊಡುತ್ತಾರೆ, ಅದೂ ಊರಿಗೆಲ್ಲ ಎತ್ತರವಾದ ಆ ಹೊಸ ಕಟ್ಟಡದ ತಾರಸಿಯ ಬಾರಿನಲ್ಲಿ ಕೊಡುತ್ತಾರೆ ಎಂದು ಗೊತ್ತಾದ ದಿನ ಗುಬ್ಬಿ ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಇರಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅಪ್ಪನಿಗೆ ಹೇಳಿದಳು. ಹೇಳದೆ ಇರುವುದಾದರೂ ಹೇಗೆ? ಆ ಕಟ್ಟಡ ಅಪ್ಪನಿಗೆ ಹೆಚ್ಚುಕಡಿಮೆ ನೆಂಟನೇ ಆಗಿಬಿಟ್ಟಿತ್ತು. ರೈಲು ಹಳಿಯ ಆಚೆ ದೂರದಲ್ಲಿ ಕ್ರೇನು ಕಾಣಿಸಿಕೊಂಡ ದಿನದಿಂದ, ದಿನಾ ಸಂಜೆ ತಾರಸಿ ಹತ್ತಿ, ಅದು ಎಷ್ಟು ಬೆಳೆದಿದೆ ಎಂದು ನೋಡಿ, ಕೆಳಗಿಳಿದು ತಂಗಿಗೆ ವರದಿ ಒಪ್ಪಿಸುವುದು ಅವನ ನಿವೃತ್ತ ಜೀವನದ ಮುಖ್ಯ ಉದ್ಯೋಗವಾಗಿತ್ತು.

“ಅದೇನು ನೀನು ಕಟ್ಟಿಸ್ತಿರೋ ಮನೇನಾ ಅಣ್ಣ, ದಿನಾ ಮೇಸ್ತ್ರಿ ಥರ ಹೋಗಿ ನೋಡ್ಕೊಂಡು ಬರೋಕೆ?” ಎಂದು ಅತ್ತೆ ರೇಗಿಸುತ್ತಿದ್ದಳು. ಅತ್ತೆ ಎಂದರೆ ಗುಬ್ಬಿಯ ಅತ್ತೆ, ಅಪ್ಪನ ತಂಗಿ. ಗುಬ್ಬಿಯ ಅಮ್ಮ ತೀರಿಕೊಂಡ ಮೇಲೆ ಮನೆ ನೋಡಿಕೊಳ್ಳಲು ಎಂದು ಬಂದವಳು, ಮನೆಯ ಜೊತೆಗೆ ಮನೆಯವರನ್ನೂ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದಳು.

ಈ ಸುದ್ದಿ ಕೇಳಿ ಅಪ್ಪ ಕೈಯಲ್ಲಿದ್ದ ಲೋಟ ಕೆಳಗಿಟ್ಟ.

“ಏನಂದೆ? ಆ ತುದಿಗೇ ಹೋಗ್ತೀಯಾ? ಹಾಗಾದ್ರೆ ಅಲ್ಲಿಂದ ನಮ್ಮನೆ ಕಾಣ್ಬೇಕಲ್ಲ!”

“ಕಾಣುತ್ತೆ ಅಪ್ಪ, ಇರುವೆ ಕಂಡ ಹಾಗೆ.”

“ಮನೆ ಕಾಣ್ದಿದ್ರೆ ಬೇಡ, ದೀಪ ಕಾಣುತ್ತೆ. ಕತ್ತಲಾದ ಕೂಡ್ಲೇ ನಾನು ಮೇಲೆ ಬಂದು ಹಸಿರು ತೋರಿಸ್ತೀನಿ. ನೀನು ಮೊಬೈಲಿನ ಟಾರ್ಚ್ ತೋರಿಸು. ಆಗೆಲ್ಲಾ ಮಾಡ್ತಿದ್ವಲ್ಲ, ಹಾಗೇ. ಮೂರು ಸಲ.”

“ಆಯ್ತಪ್ಪ, ಆಯ್ತು,” ಎಂದಳು ಗುಬ್ಬಿ. ಅವಳ ಮನಸ್ಸೆಲ್ಲ ಪಾರ್ಟಿಗೆ ಏನು ಹಾಕಿಕೊಳ್ಳುವುದು ಎನ್ನುವುದರಲ್ಲಿತ್ತು. ಅಷ್ಟು ದೂರದ ದೀಪ ಯಾರ ಕಣ್ಣಿಗೆ ಬಿದ್ದೀತು ಎಂದುಕೊಂಡಳು.

ಅಪ್ಪ ರೈಲಿನ ಗಾರ್ಡ್ ಆಗಿದ್ದವನು. ರೈಲಿನ ಕೊನೆಯ ಡಬ್ಬಿಯಲ್ಲಿ ನಿಂತು, ಹಸಿರು ದೀಪ ತೋರಿಸುತ್ತಾ ತೋರಿಸುತ್ತಾ ತಲೆ ಬೆಳ್ಳಗೆ ಮಾಡಿಕೊಂಡವನು. ನಿವೃತ್ತನಾದ ದಿನ ಜೊತೆಯವರು ಹಾರದ ಜೊತೆಗೆ ಅವನ ಹಳೆಯ ಕೈದೀಪವನ್ನೇ ಉಡುಗೊರೆಯಾಗಿ ಕೊಟ್ಟಿದ್ದರು. ತಗಡಿನ ಮೈ, ಮೇಲಿನ ಟೊಪ್ಪಿಗೆಯನ್ನು ತಿರುಗಿಸಿದರೆ ಒಳಗಿನ ಗಾಜು ಬದಲಾಗಿ ಬಿಳಿ, ಹಸಿರು, ಕೆಂಪು. ಅಪ್ಪ ಬತ್ತಿ ತೆಗೆದು ಬ್ಯಾಟರಿ ಬಲ್ಬು ಹಾಕಿಸಿದ್ದ. ವಾರಕ್ಕೊಮ್ಮೆ ಅದರ ಗಾಜು ಒರೆಸುತ್ತಿದ್ದ. ಕರೆಂಟು ಹೋದಾಗ ಅತ್ತೆ ಅದನ್ನು ಕೇಳಿದರೆ ಮಾತ್ರ ಕೊಡುತ್ತಿರಲಿಲ್ಲ.

ಗುಬ್ಬಿ ಚಿಕ್ಕವಳಿದ್ದಾಗ ಅವರ ಮನೆ ಹಳಿಯ ಪಕ್ಕದಲ್ಲೇ ಇತ್ತು. ಅಪ್ಪನ ಗಾಡಿ ಹಿತ್ತಿಲ ಮುಂದೆಯೇ ಹಾದುಹೋಗುತ್ತಿತ್ತು. ಕೊನೆಯ ಡಬ್ಬಿಯಿಂದ ಅಪ್ಪ ಹಸಿರು ತೋರಿಸುತ್ತಿದ್ದ, ಇವಳು ಅಮ್ಮನ ಸೊಂಟದ ಮೇಲೆ ಕೂತು ಟಾರ್ಚಿನ ಮುಖಕ್ಕೆ ಅಂಗೈ ಅಡ್ಡ ಇಟ್ಟು ತೆಗೆದು, ಇಟ್ಟು ತೆಗೆದು, ಮೂರು ಸಲ ಉತ್ತರ ಕೊಡುತ್ತಿದ್ದಳು. ಎಲ್ಲ ಚೆನ್ನಾಗಿದ್ದೇವೆ ಎಂದು ಅದರ ಅರ್ಥ. ಒಮ್ಮೆ ಇವಳಿಗೆ ಜ್ವರ ಬಂದು, ಪಕ್ಕದಲ್ಲಿ ಕೂತಿದ್ದ ಅಮ್ಮನಿಗೂ ಜೊಂಪು ಹತ್ತಿ, ಉತ್ತರ ಹೋಗಲಿಲ್ಲ. ಅಪ್ಪ ಮುಂದಿನ ಸ್ಟೇಷನ್ನಿನಿಂದ ಫೋನು ಮಾಡಿಸಿ, ಮನೆ ನೋಡಿಕೊಂಡು ಬರಲು ಆಳನ್ನು ಕಳಿಸಿದ್ದ. ಮನೆಯಲ್ಲಿ ಅದು ಬಹಳ ವರ್ಷ ನಗೆಚಾಟಿಕೆಯ ವಿಷಯವಾಗಿತ್ತು. ಅಪ್ಪ ಮಾತ್ರ ನಗುತ್ತಿರಲಿಲ್ಲ. “ದೀಪ ತೋರಿಸಿದ ಮೇಲೆ ಉತ್ತರ ಬರೋವರೆಗೂ ಕೈ ಇಳಿಸೋ ಹಾಗಿಲ್ಲ. ಬರ್ಲಿಲ್ಲ ಅಂದ್ರೆ ಏನೋ ಆಗಿದೆ ಅಂತಲೇ ಲೆಕ್ಕ,” ಎನ್ನುತ್ತಿದ್ದ.

ಇನ್ನು ಗುಬ್ಬಿಯ ಕೆಲಸದ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅವಳದು ಅಡುಗೆಮನೆ ಮಾರುವ ಕೆಲಸ. ಪಾತ್ರೆಯಲ್ಲ, ಒಲೆಯಲ್ಲ, ಇಡೀ ಅಡುಗೆಮನೆ. ತಳ್ಳಿದರೆ ಸದ್ದಿಲ್ಲದೆ ತಾನೇ ಮುಚ್ಚಿಕೊಳ್ಳುವ ಡ್ರಾಯರು, ಮುಟ್ಟಿದರೆ ದೀಪ ಹತ್ತುವ ಕಪಾಟು. ಗಿರಾಕಿ ಬಂದು ಎರಡು ಮನಸ್ಸಿನಲ್ಲಿ ನಿಂತಾಗ ಹೇಳಲು ಮೇಡಂ ಎಲ್ಲರಿಗೂ ಒಂದು ಮಾತು ಕಲಿಸಿದ್ದರು: “ನಮ್ಮನೇಲೂ ಇದನ್ನೇ ಹಾಕ್ಸಿದೀವಿ.” ಗುಬ್ಬಿಯಷ್ಟು ಚೆನ್ನಾಗಿ ಅದನ್ನು ಹೇಳುವವರು ಇನ್ನೊಬ್ಬರಿರಲಿಲ್ಲ. ಅವಳು ಹೇಳಿದರೆ ಆ ಅಡುಗೆಮನೆಯಲ್ಲಿ ಬೆಳಗ್ಗೆ ತಾನೇ ಕಾಫಿ ಕಾಸಿಕೊಂಡು ಬಂದವಳ ಹಾಗೆ ಇರುತ್ತಿತ್ತು. ಅವರ ಮನೆಯಲ್ಲಿ ಇದ್ದದ್ದು ಒಂದು ಕಲ್ಲಿನ ಕಟ್ಟೆ, ಅದರ ಕೆಳಗೆ ಅತ್ತೆಯ ಹಳೆಯ ಬೆಡ್‌ಶೀಟಿನ ಪರದೆ.

ಸುಳ್ಳಿಗೆ ಒಂದು ಮನೆ ಬೇಕಾಗುತ್ತದಲ್ಲ, ಆ ಅಡುಗೆಮನೆಗೂ ಬೇಕಾಯಿತು. ಕೆರೆಯ ಪಕ್ಕದ ಜೋಡಿ ಟವರಿನಲ್ಲಿ ನಮ್ಮ ಮನೆ ಎಂದು ಒಂದು ದಿನ ಬಾಯಿಗೆ ಬಂತು. ಅಪ್ಪ? ರೈಲ್ವೆಯಲ್ಲಿ ದೊಡ್ಡ ಅಧಿಕಾರಿಯಾಗಿದ್ದವರು, ಈಗ ಸಲಹೆಗಾರರು. ಗಿರಾಕಿಗೆ ಹೇಳಿದ್ದು ಮೇಡಂ ಕಿವಿಗೆ ಬಿತ್ತು, ಮೇಡಂ ನಂಬಿದರು, ನಂಬಿದ ಮೇಲೆ ಇವಳನ್ನು ಕರೆಯುವ ದನಿಯೇ ಬದಲಾಯಿತು. ಗುಬ್ಬಿಗೆ ಆ ದನಿ ಇಷ್ಟವಾಯಿತು. ಇಲ್ಲ ಎಂದು ಯಾಕೆ ಹೇಳಬೇಕು, ಬಹಳ ಇಷ್ಟವಾಯಿತು. ಈಗ ಮೇಡಂ ಹೊಸದೊಂದು ಶಾಖೆ ತೆರೆಯುವವರಿದ್ದರು. ಅದನ್ನು ಯಾರ ಕೈಗೆ ಕೊಡುತ್ತೇನೆಂದು ಪಾರ್ಟಿಯಲ್ಲೇ ಹೇಳುತ್ತೇನೆ ಎಂದಿದ್ದರು. “ದೊಡ್ಡ ಮನೆಯವರ ಜೊತೆ ಒಡನಾಟ ಇರೋರು ಬೇಕು ನನಗೆ,” ಎಂದೂ ಸೇರಿಸಿದ್ದರು.

ಪಾರ್ಟಿಯ ಸಂಜೆ ಬಂತು. ಲಿಫ್ಟು ಕಿವಿ ಗುಂಯ್‌ಗುಡಿಸುತ್ತಾ ಮೇಲೆ ಕೊಂಡೊಯ್ದು ಬಿಟ್ಟಿತು. ಮೇಲೆ ಗಾಳಿಯೋ ಗಾಳಿ. ಸೋಫಾಗಳು ಎಷ್ಟು ತಗ್ಗು ಎಂದರೆ ಒಮ್ಮೆ ಕೂತರೆ ಯಾರಾದರೂ ಕೈ ಹಿಡಿದು ಎಬ್ಬಿಸಬೇಕು. ಎದೆಯೊಳಗೇ ಡೋಲು ಬಾರಿಸುವಂಥ ಸಂಗೀತ. ಒಬ್ಬರಿಗೆ ಹೊಗೆಯಾಡುವ ಲೋಟ ಬಂತು, ಇನ್ನೊಬ್ಬರಿಗೆ ಒಳಗೊಂದು ಗಿಡದ ಕಡ್ಡಿ ನೆಟ್ಟ ಲೋಟ. ಬೆಳಕು ಮಾತ್ರ ಇಲ್ಲವೇ ಇಲ್ಲ. ಕತ್ತಲೆಗೂ ಸೇರಿಸಿಯೇ ಇಲ್ಲಿ ಬೆಲೆ ಹಾಕುತ್ತಾರೋ ಏನೋ, ಏನು ಸಿಗುತ್ತದೆಂದು ಓದಬೇಕಾದರೂ ಎಲ್ಲರೂ ತಂತಮ್ಮ ಮೊಬೈಲಿನ ಟಾರ್ಚು ಹಚ್ಚಿಕೊಂಡು ಕೂತಿದ್ದರು. ಗುಬ್ಬಿಯೂ ಹಚ್ಚಿಕೊಂಡಳು. ಹಣ್ಣಿನ ರಸ ಸಾಕು ಎಂದಳು.

“ಏಳ್ರಪ್ಪ ಎಲ್ಲಾ, ಇಲ್ಲಿ ಬನ್ನಿ!” ಎಂದು ಮೇಡಂ ಅಂಚಿನ ಗಾಜಿನ ಗೋಡೆಯ ಬಳಿ ನಿಂತು ಕರೆದರು. “ಊರೆಲ್ಲಾ ಕಾಣ್ತಿದೆ. ನಿಮ್ಮನಿಮ್ಮ ಮನೆ ಹುಡುಕಿ ನೋಡೋಣ.”

ಊರು ಕೆಳಗೆ ಹರಡಿಕೊಂಡಿತ್ತು. ರಸ್ತೆಗಳು, ಸೇತುವೆ, ಆಟದ ಮೈದಾನದ ದೊಡ್ಡ ದೀಪಗಳು, ಅವುಗಳ ನಡುವೆ ಕಪ್ಪು ಪಟ್ಟಿಯ ಹಾಗೆ ರೈಲು ಹಳಿ. ಒಬ್ಬೊಬ್ಬರೂ ಕೈ ಚಾಚಿ ಅಲ್ಲಿ, ಅಲ್ಲ ಇಲ್ಲಿ ಎಂದು ಮಕ್ಕಳ ಹಾಗೆ ಕೂಗಾಡಿದರು. ಗುಬ್ಬಿಯ ಕಣ್ಣು ಹೇಳದೆ ಕೇಳದೆ ಹಳಿಯ ಆಚೆಗೆ ಹೋಯಿತು. ಕೈ ಮಾತ್ರ ಕೆರೆಯ ಕಡೆ ಹೋಯಿತು.

“ನಮ್ಮನೆ ಅಗೋ ಅಲ್ಲಿ ಮೇಡಂ. ಆ ಎರಡು ಟವರ್.”

“ಎಷ್ಟು ಚೆನ್ನಾಗಿ ಕಾಣುತ್ತೆ ನೋಡು,” ಎಂದು ಮೇಡಂ ಅವಳ ಭುಜದ ಮೇಲೆ ಕೈಯಿಟ್ಟರು.

ಆಗಲೇ ಮೀಸೆ ಕೂಗಿದ್ದು. ಮೀಸೆ ಎಂದರೆ ಗಿರಾಕಿಗಳ ಮನೆಗೆ ಹೋಗಿ ಅಳತೆ ತೆಗೆಯುವವನು. ಅಳತೆ ತೆಗೆದಷ್ಟೇ ಶ್ರದ್ಧೆಯಿಂದ ಮೀಸೆ ಕತ್ತರಿಸಿಕೊಳ್ಳುತ್ತಿದ್ದುದರಿಂದ ಎಲ್ಲರೂ ಅವನನ್ನು ಹಾಗೇ ಕರೆಯುತ್ತಿದ್ದರು. ಕೆಟ್ಟವನಲ್ಲ. ಎಲ್ಲದಕ್ಕೂ ನಗುವವನು, ಅಷ್ಟೆ.

“ಏ, ಅಲ್ಲಿ ನೋಡ್ರೋ! ಹಳಿ ಆಚೆ, ಆ ಕತ್ತಲೆ ಕಡೆ. ಯಾರೋ ನಮಗೆ ಹಸಿರು ಲೈಟ್ ಹೊಡೀತಿದಾನೆ!”

ಎಲ್ಲರೂ ಆ ಕಡೆ ವಾಲಿದರು. ಗುಬ್ಬಿ ನೋಡದೆಯೇ ನೋಡಿದಳು. ಬೇರೆಲ್ಲ ಕಡೆ ಕಣ್ಣು ಕುಕ್ಕುವಷ್ಟು ಬೆಳಕಿದ್ದರೂ ಅವರ ಬೀದಿಯ ಕಡೆ ಒಂದು ತುಂಡು ಕತ್ತಲೆ ಉಳಿದುಕೊಂಡಿತ್ತು. ಅದರ ನಡುವೆ ಹಸಿರು ಚುಕ್ಕೆ ನಿಧಾನವಾಗಿ ಎಡಕ್ಕೆ ಹೋಗಿ, ಬಲಕ್ಕೆ ಬಂದು, ನಿಂತಿತು. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ನಡುವೆ ಒಮ್ಮೆ ಮರೆಯಾಯಿತು. ಅಪ್ಪನಿಗೆ ಬಲಭುಜದ ನೋವು, ದೀಪವನ್ನು ಎಡಗೈಗೆ ಬದಲಾಯಿಸುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. ಚಳಿಗಾಳಿಯಲ್ಲಿ ನಿಂತಿರುತ್ತಾನೆ. ಕಿವಿಗೆ ಮಫ್ಲರ್ ಸುತ್ತಿಕೊಂಡಿರುವುದಿಲ್ಲ. ಸುತ್ತಿಕೊಂಡರೆ ಗಾರ್ಡಿನ ಹಾಗೆ ಕಾಣುವುದಿಲ್ಲವಂತೆ.

“ಅದ್ಯಾವ ಏರಿಯಾ?” ಎಂದರು ಮೇಡಂ.

“ಏರಿಯಾ ಅನ್ನೋದೇನು ಬಂತು ಮೇಡಂ, ಹಳೇ ವಠಾರದ ಮನೆಗಳು,” ಎಂದ ಮೀಸೆ. “ಯಾರೋ ತಲೆಕೆಟ್ಟೋನು ಇರ್ಬೇಕು.”

ಗುಬ್ಬಿಯ ಕೈಯಲ್ಲಿ ಮೊಬೈಲಿತ್ತು. ಅದರ ಟಾರ್ಚು ಇನ್ನೂ ಉರಿಯುತ್ತಲೇ ಇತ್ತು, ನೆಲಕ್ಕೆ ಮುಖ ಮಾಡಿ. ಅದನ್ನು ಎತ್ತಿ ಹಿಡಿದು ಅಂಗೈ ಅಡ್ಡ ಇಟ್ಟು ತೆಗೆದರೆ ಮುಗಿಯಿತು. ಯಾಕೆ ಎಂದು ಕೇಳಿದರೆ ತಮಾಷೆಗೆ ಎನ್ನಬಹುದಿತ್ತು. ಯಾರೂ ಅವಳ ಮನೆಯ ವಿಳಾಸ ಕೇಳುತ್ತಿರಲಿಲ್ಲ. ಅಷ್ಟು ಕೂಡ ಅವಳಿಂದ ಆಗಲಿಲ್ಲ. ಹೆಬ್ಬೆರಳು ಟಾರ್ಚನ್ನು ಆರಿಸಿತು. ಆರಿಸಿದ್ದಷ್ಟೇ ಆಗಿದ್ದರೆ ಅವಳು ಮುಂದೆ ಎಂದಾದರೂ ತನ್ನನ್ನು ಕ್ಷಮಿಸಿಕೊಳ್ಳುತ್ತಿದ್ದಳೇನೋ. ಎಲ್ಲರೂ ನಗುತ್ತಿದ್ದರು, ತಾನೊಬ್ಬಳೇ ಸುಮ್ಮನಿದ್ದರೆ ಗೊತ್ತಾಗಿಬಿಡುತ್ತದೆ ಎನ್ನಿಸಿತು, ಬಾಯಿ ತೆರೆದಳು.

“ಮಾಡೋಕೆ ಬೇರೆ ಕೆಲಸ ಇಲ್ವೇನೋ ಪಾಪ,” ಎಂದಳು.

ಅದು ಎಲ್ಲರಿಗೂ ಬಹಳ ಹಿಡಿಸಿತು. ಮೇಡಂ ಕೂಡ ನಕ್ಕರು. ಗುಬ್ಬಿಯೂ ನಕ್ಕಳು, ಉಳಿದವರಿಗಿಂತ ಸ್ವಲ್ಪ ಜೋರಾಗಿಯೇ.

“ಪಾಪ ಅಂತೀರಾ? ಹಾಗಾದ್ರೆ ಸಮಾಧಾನ ಮಾಡೋಣ ತಡೀರಿ,” ಎಂದು ಮೀಸೆ ತನ್ನ ಮೊಬೈಲು ತೆಗೆದು, ಟಾರ್ಚು ಹಚ್ಚಿ, ತಲೆಯ ಮೇಲೆ ಎತ್ತಿ ಬೀಸತೊಡಗಿದ. ಮೇಲೆ ಕೆಳಗೆ, ಸುತ್ತಲೂ, ಹೇಗೆಂದರೆ ಹಾಗೆ. ಕುಣಿಯುತ್ತಲೂ ಇದ್ದ. ಇನ್ನಿಬ್ಬರು ಅವನ ಜೊತೆ ಸೇರಿದರು.

ಆಚೆ ಹಸಿರು ಚುಕ್ಕೆ ತಟ್ಟನೆ ನಿಂತಿತು. ನಿಂತು, ಕೆಂಪಾಯಿತು.

“ಅಯ್ಯೋ, ಕೆಂಪು ಬಂತು! ಕೋಪ ಬಂತು ಅವನಿಗೆ!” ಎಂದು ಮೀಸೆ ಹೊಟ್ಟೆ ಹಿಡಿದುಕೊಂಡ.

ಕೋಪವಲ್ಲ. ಅಲ್ಲಿದ್ದವರಲ್ಲಿ ಗುಬ್ಬಿಗೊಬ್ಬಳಿಗೇ ಅದು ಗೊತ್ತಿದ್ದದ್ದು. ಹಳಿಯ ಮೇಲೆ ದೀಪವನ್ನು ಯಾರಾದರೂ ಹಾಗೆ ಅಡ್ಡಾದಿಡ್ಡಿ ಬೀಸಿದರೆ ಅಪಾಯ, ಗಾಡಿ ನಿಲ್ಲಿಸಿ ಎಂದು ಅರ್ಥ. ಚಿಕ್ಕವಳಾಗಿದ್ದಾಗ ಆಟಕ್ಕೆ ಹಾಗೆ ಬೀಸಿ ಅಪ್ಪನಿಂದ ಬೈಸಿಕೊಂಡಿದ್ದಳು. ಅಪ್ಪ ಹೆದರಿದ್ದಾನೆ. ಮಗಳಿಗೆ ಅಲ್ಲಿ ಏನೋ ಆಗಿದೆ ಎಂದುಕೊಂಡಿದ್ದಾನೆ.

ಕೈಯಲ್ಲಿದ್ದ ಮೊಬೈಲು ನಡುಗಿತು. ‘ಅಪ್ಪ’ ಎಂದು ತೋರಿಸಿತು. ಆ ಸಂಗೀತ, ಆ ನಗು, ಪಕ್ಕದಲ್ಲೇ ಮೇಡಂ. ಗುಬ್ಬಿ ಕರೆ ಕತ್ತರಿಸಿದಳು. ಮತ್ತೆ ಬಂತು, ಮತ್ತೆ ಕತ್ತರಿಸಿದಳು. ಮೂರನೆಯದು ಬರುವಷ್ಟರಲ್ಲಿ ಬೆರಳುಗಳು ತಾವಾಗಿಯೇ ಬರೆದು ಕಳಿಸಿದವು: ‘ಮೀಟಿಂಗ್‌ನಲ್ಲಿ ಇದ್ದೀನಿ ಅಪ್ಪ. ಆಮೇಲೆ ಮಾಡ್ತೀನಿ.’

ಕೆಂಪು ಚುಕ್ಕೆ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಹಸಿರಾಯಿತು. ಒಂದೇ ಸಲ, ನಿಧಾನವಾಗಿ, ಎಡದಿಂದ ಬಲಕ್ಕೆ ಹೋಗಿ, ಆರಿತು.

“ಹೋದ ಕಣ್ರೋ,” ಎಂದ ಮೀಸೆ ಬೇಜಾರಿನಿಂದ. ಆಮೇಲೆ ಎಲ್ಲರೂ ಅದನ್ನು ಮರೆತರು.

ಎಲ್ಲರೂ ಮತ್ತೆ ತಗ್ಗು ಸೋಫಾಗಳಲ್ಲಿ ಮುಳುಗಿದ ಮೇಲೆ ಮೇಡಂ ಚಮಚದಿಂದ ಲೋಟ ತಟ್ಟಿದರು. ಹೊಸ ಶಾಖೆ ಗುಬ್ಬಿಯ ಕೈಗೆ ಎಂದರು. ಶೋರೂಮಿನ ಹೆಸರಿಗೆ ತಕ್ಕ ಹುಡುಗಿ, ಎಲ್ಲಿ ನಿಂತರೂ ಆ ಜಾಗದವಳೇ ಅನ್ನಿಸುತ್ತಾಳೆ ಎಂದರು. ಚಪ್ಪಾಳೆ ಬಿತ್ತು. ಎಷ್ಟೋ ತಿಂಗಳಿಂದ ಕಾಯುತ್ತಿದ್ದ ಮಾತು ಅದು. ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಗುಬ್ಬಿ ನಗುವ ಮುಖ ಹೊತ್ತುಕೊಂಡು ಕೂತಳು.

“ಮೊದ್ಲು ಮನೆಗೆ ಫೋನ್ ಮಾಡಿ ನಿಮ್ಮ ತಂದೆಯವರಿಗೆ ಹೇಳಮ್ಮ,” ಎಂದರು ಮೇಡಂ ಪ್ರೀತಿಯಿಂದ.

“ಅವ್ರು ಈಗ ಮೀಟಿಂಗ್‌ನಲ್ಲಿ ಇರ್ತಾರೆ ಮೇಡಂ.”

ಹೇಳಿದ ಮೇಲೆ ಅವಳಿಗೇ ತನ್ನ ನಾಲಿಗೆಯನ್ನು ಕಂಡು ಹೇಸಿಗೆಯಾಯಿತು. ಒಂದೇ ಸಂಜೆ, ಒಂದೇ ಸುಳ್ಳು, ಅಪ್ಪನಿಗೂ ಹೇಳಿಯಾಯಿತು, ಅಪ್ಪನ ಹೆಸರಿನಲ್ಲೂ ಹೇಳಿಯಾಯಿತು.

ಸುಳ್ಳು ಅಷ್ಟಕ್ಕೇ ಬಿಡಲಿಲ್ಲ. ಪಾರ್ಟಿ ಮುಗಿದು ಹೊರಟಾಗ ಮೀಸೆ ತನ್ನ ಕಾರಿನಲ್ಲಿ ಮನೆಗೆ ಬಿಡುತ್ತೇನೆಂದು ಹಟ ಹಿಡಿದ. ಹೊಸ ಶಾಖೆಯ ಯಜಮಾನಿ ಬಸ್ಸಿನಲ್ಲಿ ಹೋಗುವುದೆಂದರೇನು? ಹೀಗಾಗಿ ಗುಬ್ಬಿ ತನ್ನ ಮನೆಗೆ ಬೆನ್ನು ಹಾಕಿ ಊರಿನ ಇನ್ನೊಂದು ತುದಿಗೆ ಹೋಗಿ, ಕೆರೆಯ ಪಕ್ಕದ ಟವರಿನ ಮುಂದೆ ಇಳಿದು, ಗೇಟಿನ ಕಡೆ ನಾಲ್ಕು ಹೆಜ್ಜೆ ನಡೆದು, ತಿರುಗಿ ಕೈ ಬೀಸಬೇಕಾಯಿತು. ಕಾರು ಮರೆಯಾಯಿತು.

“ಯಾರ ಮನೆಗೆ ಮೇಡಂ?” ಎಂದು ಕೇಳಿದ ಕಾವಲುಗಾರ.

“ಯಾರ ಮನೆಗೂ ಇಲ್ಲ,” ಎಂದಳು. ಹೈಹೀಲ್ಡ್ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು ಬಸ್ ಸ್ಟಾಪಿಗೆ ನಡೆದಳು.

ಬಸ್ಸಿನಲ್ಲಿ ಉದ್ದಕ್ಕೂ ಅಪ್ಪನಿಗೆ ಹೇಳಬೇಕಾದ ಮಾತನ್ನು ಜೋಡಿಸುತ್ತಾ ಬಂದಳು. ದೀಪ ಕಾಣಲೇ ಇಲ್ಲ ಎನ್ನುವುದು ಒಂದು. ಮೊಬೈಲಿನ ಚಾರ್ಜು ಮುಗಿದಿತ್ತು ಎನ್ನುವುದು ಇನ್ನೊಂದು, ಆದರೆ ಮೆಸೇಜು ಕಳಿಸಿದ್ದಾಳಲ್ಲ. ನಿಜ ಹೇಳುವುದು ಕೂಡ ಒಂದು ದಾರಿ ಎಂದು ಕೊನೆಯ ಸ್ಟಾಪಿನಲ್ಲಿ ಹೊಳೆಯಿತು. ಬಾಗಿಲು ತಟ್ಟುವವರೆಗೂ ಅವಳು ಅದನ್ನೇ ಗಟ್ಟಿ ಮಾಡಿಕೊಂಡಿದ್ದಳು.

ಬಾಗಿಲು ತೆಗೆದವಳು ಅತ್ತೆ.

“ಬಂದ್ಯಾ ತಾಯಿ? ಬಾ. ಬೀದಿಗೆಲ್ಲಾ ನಿಂದೇ ಸುದ್ದಿ. ‘ಗುಬ್ಬಿ ಅಲ್ಲಿಂದ ಉತ್ತರ ಕೊಟ್ಟಳು, ಆ ತುದಿಯಿಂದ ಕೊಟ್ಟಳು’ ಅಂತ ನಿಮ್ಮಪ್ಪ ಟೈಲರಮ್ಮನ ಮನೆ ತನಕ ಹೋಗಿ ಡಂಗುರ ಸಾರಿ ಬಂದಿದಾನೆ. ಇಷ್ಟು ವಯಸ್ಸಾಗಿ ಇನ್ನೂ ದೀಪದ ಆಟ ನಿಮಗೆ!”

ಗುಬ್ಬಿ ಅಪ್ಪನ ಕಡೆ ನೋಡಿದಳು. ಅಪ್ಪ ಕುರ್ಚಿಯಲ್ಲಿ ಕೂತು, ದೀಪವನ್ನು ತೊಡೆಯ ಮೇಲಿಟ್ಟುಕೊಂಡು ಒರೆಸುತ್ತಿದ್ದ. ತಲೆ ಎತ್ತಲಿಲ್ಲ.

“ಕೊಟ್ಟಳಲ್ಲ ಮತ್ತೆ,” ಎಂದ. “ಚೆನ್ನಾಗಿ ಕಾಣಿಸ್ತು.”

“ಹೌದೇನೇ?” ಎಂದಳು ಅತ್ತೆ.

ಬಸ್ಸಿನಲ್ಲಿ ಗಟ್ಟಿ ಮಾಡಿಕೊಂಡದ್ದೆಲ್ಲ ಆವಿಯಾಯಿತು. ಅಪ್ಪನಿಗೆ ಗೊತ್ತಾಗಿಲ್ಲ, ಬಚಾವಾದೆ ಎಂದು ಒಂದು ಕ್ಷಣ ಜೀವ ಹಗುರವಾಯಿತು. ಹಗುರವಾಯಿತಲ್ಲ ಎಂದು ಆಮೇಲೆ ಎಷ್ಟು ನಾಚಿಕೆಪಟ್ಟಳೋ ಅಷ್ಟು ಅವಳು ಟಾರ್ಚು ಆರಿಸಿದ್ದಕ್ಕೂ ಪಡಲಿಲ್ಲ.

“ಹೂಂ ಅತ್ತೆ,” ಎಂದಳು.

ಹೊಸ ಶಾಖೆಯ ವಿಷಯ ಹೇಳಿದಳು. ಅತ್ತೆ ಅವಳ ಕೆನ್ನೆ ಹಿಡಿದು ಅಲ್ಲಾಡಿಸಿ, ಎರಡು ಹನಿ ಕಣ್ಣೀರನ್ನೂ ಹಾಕಿ, ದೃಷ್ಟಿ ತಾಗುತ್ತದೆ ಇನ್ನು ಯಾರಿಗೂ ಹೇಳಬೇಡ ಎಂದು ಅಪ್ಪನಿಗೆ ಎಚ್ಚರಿಕೆ ಕೊಟ್ಟು, ಟೈಲರಮ್ಮನಿಗೆ ಹೇಳಲು ತಾನೇ ಹೋದಳು. ಅಪ್ಪ “ಭೇಷ್” ಎಂದ. ಅವನ ಕಣ್ಣೂ ತುಂಬಿತ್ತು. ಸಂತೋಷಪಟ್ಟದ್ದು ಸುಳ್ಳಲ್ಲ.

ಗುಬ್ಬಿ ಅಡುಗೆಮನೆಗೆ ಹೋಗಿ, ಅಪ್ಪ ಉಂಡಿಟ್ಟಿದ್ದ ತಟ್ಟೆ ತೊಳೆಯತೊಡಗಿದಳು. ಕಲ್ಲಿನ ಕಟ್ಟೆ, ಬೆಡ್‌ಶೀಟಿನ ಪರದೆ. ಅಪ್ಪ ದೀಪವನ್ನು ಇಡಲು ಒಳಗೆ ಬಂದ. ಅದರ ಜಾಗ ಅಲ್ಲೇ, ಕಟ್ಟೆಯ ಮೇಲಿನ ಹಲಗೆಯಲ್ಲಿ.

“ಅಪ್ಪ…” ಎಂದಳು.

“ಮೊದ್ಲು ಗಾಬರಿ ಆಗೋಯ್ತು ಕಣಮ್ಮ,” ಎಂದ ಅಪ್ಪ, ದೀಪವನ್ನು ಹಲಗೆಯ ಮೇಲೆ ಸರಿಯಾಗಿ ಕೂರಿಸುತ್ತಾ. “ಹಾಗೆ ಬೀಸಿದ್ರಲ್ಲ, ನಿನಗೇನೋ ಆಯ್ತು ಅಂದ್ಕೊಂಡೆ. ಅದಕ್ಕೇ ಫೋನ್ ಮಾಡಿದ್ದು. ನಿನ್ನ ಮೆಸೇಜ್ ಬಂತಲ್ಲ, ಸರಿ, ಚೆನ್ನಾಗಿದಾಳೆ ಅಂತ ಗೊತ್ತಾಯ್ತು.”

ಗುಬ್ಬಿಯ ಕೈ ನಲ್ಲಿಯ ಕೆಳಗೆ ಹಾಗೇ ನಿಂತಿತು. ಅವನು ‘ಬೀಸಿದೆಯಲ್ಲ’ ಎಂದಿರಲಿಲ್ಲ.

ಹೊರಗೆ ಅತ್ತೆ ಟೈಲರಮ್ಮನನ್ನು ಕೂಗಿ ಕರೆಯುತ್ತಿದ್ದುದು ಕೇಳುತ್ತಿತ್ತು. ಅಪ್ಪ ಆ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ.

“ಅವಳಿಗೆ ನೀನೇ ಕೊಟ್ಟೆ ಅಂದಿದೀನಿ. ಹಾಗೇ ಇರ್ಲಿ,” ಎಂದ. “ಆ ಟಾರ್ಚ್ ಬೀಸಿದೋರು ಯಾರೋ, ನಾಳೆ ಅವ್ರಿಗೆ ನನ್ನ ಹೆಸರು ಹೇಳ್ದೆ ಒಂದು ಥ್ಯಾಂಕ್ಸ್ ಹೇಳಮ್ಮ. ಅವ್ರು ಬೀಸ್ದೇ ಇದ್ದಿದ್ರೆ ನಾನು ಇನ್ನೂ ಮೇಲೇ ನಿಂತಿರ್ತಿದ್ದೆ.”

ಬಲಭುಜವನ್ನು ಎಡಗೈಯಿಂದ ನೀವಿಕೊಳ್ಳುತ್ತಾ ಅವನು ಹೊರಗೆ ಹೋದ. ಗುಬ್ಬಿ ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತಾ ನಿಂತಳು.